ಮಕ್ಕಳ ಕೈಗೆ ಅಚ್ಚುಮೊಳೆ ಕೊಟ್ಟ ಹಳ್ಳಿ ಮೇಷ್ಟ್ರು: ಸೆಲೆಸ್ತೆನ್ ಫ್ರೆನೆ

ಏನು ಬರೆಯಬೇಕು, ಯಾವ ಕೆಲಸ ಕೈಗೆತ್ತಿಕೊಳ್ಳಬೇಕು ಅನ್ನೋದನ್ನ ಮಕ್ಕಳೇ ಆರಿಸಿಕೊಳ್ಳಲಿ ಅಂದ ಶಿಕ್ಷಕ. ಅದಕ್ಕಾಗಿ ಸರ್ಕಾರಿ ಶಾಲೆಯ ಕೆಲಸವನ್ನೇ ಬಿಡಬೇಕಾಗಿ ಬಂತು. ಅಕ್ಟೋಬರ್ 15 ಅವರು ಹುಟ್ಟಿದ ದಿನ.

ಶಾಲೆಯ ಪ್ರಾಜೆಕ್ಟ್ ಅಂದರೆ ಹೇಗಿರುತ್ತದೆ ಅಂತ ತಾಲ್ಲೂಕಿನ ಸ್ಟೇಷನರಿ ಅಂಗಡಿಯವರನ್ನು ಕೇಳಿದರೆ ಸಾಕು. ವಿಷಯ ಶಾಲೆಯಿಂದ ಬರುತ್ತದೆ. ಚಾರ್ಟ್ ಪೇಪರ್, ಥರ್ಮಾಕೋಲ್, ಗಮ್ ಅಂಗಡಿಯಿಂದ ಹೋಗುತ್ತದೆ. ಚಿತ್ರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆಗುತ್ತದೆ. ರಾತ್ರಿ ಹನ್ನೊಂದರ ತನಕ ಕೂತು ಅಂಟಿಸುವವರು ಅಪ್ಪ ಅಮ್ಮ. ಮಗು ಮಾಡುವುದು ಅದನ್ನು ಶಾಲೆಗೆ ಹೊತ್ತುಕೊಂಡು ಹೋಗುವ ಕೆಲಸ ಮಾತ್ರ.

ನೂರು ವರ್ಷದ ಹಿಂದೆ ದಕ್ಷಿಣ ಫ್ರಾನ್ಸ್‌ನ ಒಂದು ಹಳ್ಳಿ ಶಾಲೆಯಲ್ಲಿ ಇದಕ್ಕೆ ತಿರುಗುಮುರುಗಾದ ಪ್ರಯೋಗವೊಂದು ನಡೆಯಿತು. ವಿಷಯ ಮಕ್ಕಳದು, ಬರವಣಿಗೆ ಮಕ್ಕಳದು, ಅಚ್ಚು ಹಾಕುವವರೂ ಮಕ್ಕಳೇ. ಅದನ್ನು ಶುರು ಮಾಡಿದವರು ಸೆಲೆಸ್ತೆನ್ ಫ್ರೆನೆ. ಇವತ್ತು ಯುರೋಪ್, ಆಫ್ರಿಕಾ, ದಕ್ಷಿಣ ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಅವರ ಪದ್ಧತಿ ಬಳಕೆಯಲ್ಲಿದೆ. ಆದರೆ ಬದುಕಿದ್ದಾಗ ಅವರು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಗುಂಡೇಟು ತಿಂದ ಎದೆ

ಫ್ರೆನೆ ಹುಟ್ಟಿದ್ದು 1896ರ ಅಕ್ಟೋಬರ್ 15ರಂದು, ಆಲ್ಪ್ಸ್ ಬೆಟ್ಟಗಳ ಗಾರ್ ಎಂಬ ಪುಟ್ಟ ಹಳ್ಳಿಯಲ್ಲಿ. ರೈತಾಪಿ ಮನೆತನ. ದನ ಕುರಿ, ಹೊಲ, ಹೊಳೆ ನೋಡಿಕೊಂಡು ಬೆಳೆದ ಹುಡುಗ. ಬೆಟ್ಟದಲ್ಲಿ ಕಲಿತದ್ದು ಅವರಿಗೆ ಕೊನೆತನಕ ನೆನಪಿತ್ತು, ಶಾಲೆಯ ನೆನಪು ಮಾತ್ರ ಕಹಿಯಾಗಿಯೇ ಉಳಿಯಿತು.

ಮುಂದೆ ನೀಸ್ ನಗರದ ಶಿಕ್ಷಕರ ತರಬೇತಿ ಶಾಲೆಗೆ ಸೇರಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಓದು ಅರ್ಧಕ್ಕೆ ನಿಂತಿತು, ಹುಡುಗನನ್ನು ಸೈನ್ಯಕ್ಕೆ ಕರೆದುಕೊಂಡರು. 1917ರ ಅಕ್ಟೋಬರ್‌ನಲ್ಲಿ ಯುದ್ಧಭೂಮಿಯಲ್ಲಿ ಎದೆಗೆ ಗುಂಡು ತಗುಲಿತು. ಆಗ ವಯಸ್ಸು 21. ಜೀವ ಉಳಿಯಿತು, ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆ, ಆರೈಕೆ ಅಂತ ಕಳೆದು, 1920ರ ಜನವರಿಯಲ್ಲಿ ಬಾರ್ ಸುರ್ ಲೂ ಎಂಬ ಹಳ್ಳಿಯ ಸರ್ಕಾರಿ ಶಾಲೆಗೆ ಸಹಶಿಕ್ಷಕರಾಗಿ ಬಂದರು.

ಬಾರ್ ಸುರ್ ಲೂ ಗುಡ್ಡದ ಮೇಲಿನ ಊರು. ಅತ್ತರಿಗೆ ಹೆಸರಾದ ಗ್ರಾಸ್ ಪಟ್ಟಣ ಹತ್ತಿರದಲ್ಲೇ ಇದೆ. ಸುತ್ತ ಕಹಿ ಕಿತ್ತಳೆ ತೋಟಗಳು, ಅದರ ಹೂವಿನಿಂದ ಸುಗಂಧ ತೆಗೆಯುವ ಕಸುಬು. ಫ್ರೆನೆಗೆ ಸಿಕ್ಕಿದ್ದು ಚಿಕ್ಕ ಮಕ್ಕಳ ತರಗತಿ.

ಆ ಕಾಲದ ಪಾಠ ಅಂದರೆ ಮೇಷ್ಟ್ರು ಎತ್ತರದ ಕಟ್ಟೆ ಮೇಲೆ ನಿಂತು ಗಟ್ಟಿ ದನಿಯಲ್ಲಿ ಹೇಳುತ್ತಾ ಹೋಗಬೇಕು, ಮಕ್ಕಳು ಕೈಕಟ್ಟಿ ಕೂತು ಕೇಳಬೇಕು. ಫ್ರೆನೆಗೆ ಸ್ವಲ್ಪ ಹೊತ್ತು ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ದಿನವಿಡೀ ಕೂಗಿ ಪಾಠ ಮಾಡುವ ಶಕ್ತಿ ಇರಲಿಲ್ಲ. ಕೆಲಸ ಬಿಡಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು. ಅವರು ಎರಡನೆಯದನ್ನು ಮಾಡಿದರು.

ಬೀದಿಗೆ ಬಂದ ತರಗತಿ

ಮೊದಲು ಮಾಡಿದ್ದು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು. ಊಟದ ನಂತರದ ಪಾಠದ ಹೊತ್ತಿನಲ್ಲಿ ತರಗತಿ ಊರೊಳಗೆ ಹೊರಡುತ್ತಿತ್ತು. ನೇಕಾರರ ಮನೆ, ಬಡಗಿ ಕೆಲಸದ ಜಾಗ, ತೋಟ, ಹೊಳೆ ದಂಡೆ. ಮಕ್ಕಳು ನೋಡುತ್ತಿದ್ದರು, ಮುಟ್ಟುತ್ತಿದ್ದರು, ಕೆಲಸ ಮಾಡುವವರನ್ನೇ ಪ್ರಶ್ನೆ ಕೇಳುತ್ತಿದ್ದರು. ವಾಪಸ್ ಬಂದ ಮೇಲೆ ಕಂಡದ್ದನ್ನು ಎಲ್ಲರೂ ಸೇರಿ ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಹೊರಗಿನಿಂದ ಬಂದಾಗ ಮಕ್ಕಳಲ್ಲಿದ್ದ ಉತ್ಸಾಹ ಪಠ್ಯಪುಸ್ತಕ ತೆಗೆದ ಕೂಡಲೇ ಇಳಿದುಹೋಗುತ್ತಿದ್ದುದನ್ನು ಫ್ರೆನೆ ಗಮನಿಸಿದರು. ಪುಸ್ತಕದಲ್ಲಿದ್ದದ್ದು ಯಾರೋ ಎಲ್ಲೋ ಬರೆದ ಮಾತು. ಬೋರ್ಡಿನಲ್ಲಿದ್ದದ್ದು ಮಕ್ಕಳ ಸ್ವಂತ ಮಾತು, ಆದರೆ ಅದು ಸಂಜೆಗೆ ಒರೆಸಿ ಹೋಗುತ್ತಿತ್ತು. ಒಂದು ದಿನ ಮಕ್ಕಳು ತಂದ ಬಸವನಹುಳುಗಳ ಓಟದ ಪಂದ್ಯ ತರಗತಿಯಲ್ಲೇ ನಡೆದು, ಅದೇ ಬರವಣಿಗೆಯ ವಿಷಯವಾದದ್ದನ್ನು ಫ್ರೆನೆ ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಅದರ ಹುರುಪು ಅಷ್ಟಿತ್ತು. ಒರೆಸಿ ಹೋಗುವ ಆ ಮಾತನ್ನು ಉಳಿಸುವುದು ಹೇಗೆ ಅನ್ನೋದೇ ಅವರಿಗೆ ಹತ್ತಿದ ಚಿಂತೆ.

ಚಿಕ್ಕ ಮುದ್ರಣಯಂತ್ರ ಬಂತು

1924ರಲ್ಲಿ ಉತ್ತರ ಸಿಕ್ಕಿತು. ಕೈಯಿಂದ ಒತ್ತಿ ಅಚ್ಚು ಹಾಕುವ ಒಂದು ಚಿಕ್ಕ ಮುದ್ರಣಯಂತ್ರವನ್ನು ಫ್ರೆನೆ ಕೊಂಡು ತಂದರು. ದೊಡ್ಡ ಯಂತ್ರವೇನಲ್ಲ, ಮೇಜಿನ ಮೇಲೆ ಇಡಬಹುದಾದದ್ದು. ಜೊತೆಗೆ ಸೀಸದ ಅಚ್ಚುಮೊಳೆಗಳು.

ನಮ್ಮ ಕಡೆ ಹಿಂದೆ ಲಗ್ನಪತ್ರಿಕೆ, ಬಿಲ್ ಬುಕ್ ಮಾಡಿಕೊಡುತ್ತಿದ್ದ ಮೊಳೆ ಪ್ರೆಸ್ಸುಗಳನ್ನು ಕಂಡವರಿಗೆ ಆ ಕೆಲಸ ಎಂಥದ್ದು ಅಂತ ಗೊತ್ತು. ಒಂದೊಂದೇ ಅಕ್ಷರ ಆರಿಸಬೇಕು, ತಿರುವುಮುರುವಾಗಿ ಜೋಡಿಸಬೇಕು, ಸಾಲು ಬಿಗಿ ಮಾಡಬೇಕು, ಮಸಿ ಸವರಬೇಕು, ಕಾಗದ ಇಟ್ಟು ಒತ್ತಬೇಕು. ಒಂದು ಅಕ್ಷರ ತಪ್ಪಿದರೆ ಪುಟವೆಲ್ಲ ಕೆಟ್ಟಂತೆ. ಏಳೆಂಟು ವರ್ಷದ ಮಕ್ಕಳು ಇಷ್ಟು ತಾಳ್ಮೆ ತೋರಿಸಲಾರರು ಅಂತ ಯಾರಿಗಾದರೂ ಅನ್ನಿಸುತ್ತದೆ. ಮಕ್ಕಳು ತೋರಿಸಿದರು, ಯಾಕೆಂದರೆ ಅಚ್ಚಾಗುತ್ತಿದ್ದದ್ದು ಅವರದೇ ಮಾತು.

ಕ್ರಮ ಹೀಗಿತ್ತು. ಮಗು ತನಗೆ ಇಷ್ಟವಾದ ವಿಷಯ ಬರೆದು ತರುತ್ತದೆ. ಇಂಥದ್ದೇ ಬರೆಯಬೇಕು ಅಂತಿಲ್ಲ, ಬರೆಯಲೇಬೇಕು ಅಂತಲೂ ಇಲ್ಲ. ಬೆಳಿಗ್ಗೆ ಬರೆದವರು ಎಲ್ಲರೆದುರು ಓದುತ್ತಾರೆ. ಯಾವುದು ಅಚ್ಚಿಗೆ ಹೋಗಬೇಕು ಅಂತ ಮಕ್ಕಳು ಕೈ ಎತ್ತಿ ಮತ ಹಾಕುತ್ತಾರೆ. ಆರಿಸಿದ ಬರಹ ಬೋರ್ಡಿಗೆ ಬರುತ್ತದೆ. ಕಾಗುಣಿತ, ವ್ಯಾಕರಣ, ವಾಕ್ಯ ಎಲ್ಲವನ್ನೂ ತರಗತಿಯೇ ಸೇರಿ ತಿದ್ದುತ್ತದೆ, ಬರೆದ ಮಗುವಿನ ಒಪ್ಪಿಗೆ ಕೇಳಿಕೊಂಡು. ಆಮೇಲೆ ಸಣ್ಣ ಸಣ್ಣ ಗುಂಪುಗಳು ಮೊಳೆ ಜೋಡಿಸಲು ಕೂರುತ್ತವೆ. ಅಚ್ಚಾದ ಹಾಳೆ ಪ್ರತಿ ಮಗುವಿನ ಕಡತಕ್ಕೂ ಸೇರುತ್ತದೆ, ಮನೆಗೂ ಹೋಗುತ್ತದೆ. ವರ್ಷದ ಕೊನೆಗೆ ಆ ಕಡತವೇ ಓದುವ ಪುಸ್ತಕ.

ಗಮನಿಸಿ, ಇಲ್ಲಿ ವ್ಯಾಕರಣ ಬಿಟ್ಟುಹೋಗಲಿಲ್ಲ, ಶುದ್ಧ ಬರವಣಿಗೆಯೂ ಬಿಟ್ಟುಹೋಗಲಿಲ್ಲ. ಮೇಷ್ಟ್ರ ಕೆಂಪು ಶಾಯಿಗೆ ಹೆದರಿ ತಿದ್ದುವ ಬದಲು, ನಾಲ್ಕು ಜನ ಓದುತ್ತಾರಲ್ಲ ಅಂತ ಮಕ್ಕಳು ತಾವಾಗೇ ತಿದ್ದಿದರು.

ಕಡಲ ತೀರದ ಗೆಳೆಯರು

ಊರಿನವರಷ್ಟೇ ಓದಿದರೆ ಸಾಲದು ಅನ್ನಿಸಿತು. ಫ್ರಾನ್ಸ್‌ನ ಇನ್ನೊಂದು ತುದಿಯ ಬ್ರಿಟನಿ ಪ್ರಾಂತ್ಯದಲ್ಲಿ, ಕಡಲ ತೀರದ ಹಳ್ಳಿಯಲ್ಲಿ ರೆನೆ ದಾನಿಯೆಲ್ ಎಂಬ ಶಿಕ್ಷಕರಿದ್ದರು. ಅವರೂ ತಮ್ಮ ಶಾಲೆಗೆ ಮುದ್ರಣಯಂತ್ರ ತಂದರು. ಎರಡು ಶಾಲೆಗಳ ನಡುವೆ ಅಂಚೆ ಓಡಾಟ ಶುರುವಾಯಿತು.

ಇಲ್ಲಿಂದ ಅಚ್ಚಾದ ಹಾಳೆ, ಪತ್ರ, ಬೆಟ್ಟದೂರಿನ ವಸ್ತುಗಳು ಹೋದವು. ಅಲ್ಲಿಂದ ಮೀನುಗಾರರ ಮಕ್ಕಳ ಬರಹ, ಕಡಲಿನ ವಸ್ತುಗಳು ಬಂದವು. ಬೆಟ್ಟದ ಹುಡುಗನಿಗೆ ದಿನಾ ಕಂಡು ಬೇಸರವಾದ ಕಿತ್ತಳೆ ತೋಟ ಕಡಲ ಹುಡುಗನಿಗೆ ಕೌತುಕ. ಅವನಿಗೆ ಅರ್ಥವಾಗುವ ಹಾಗೆ ಬರೆಯಬೇಕಾದರೆ ಇವನು ತನ್ನ ಊರನ್ನೇ ಮತ್ತೆ ಕಣ್ಣಿಟ್ಟು ನೋಡಬೇಕು. ಅಳತೆ ಬೇಕು, ಲೆಕ್ಕ ಬೇಕು, ನಕ್ಷೆ ಬೇಕು. ಭೂಗೋಳ, ಗಣಿತ, ವಿಜ್ಞಾನ ಆ ಪತ್ರಗಳ ಬೆನ್ನು ಹತ್ತಿ ಬಂದವು.

ಸುದ್ದಿ ಹಬ್ಬಿತು. ಬೇರೆ ಬೇರೆ ಊರಿನ ಶಿಕ್ಷಕರು ಮುದ್ರಣಯಂತ್ರ ತರಿಸಿಕೊಂಡರು. 1926ರಲ್ಲಿ ಫ್ರೆನೆ ಮದುವೆಯಾದ ಎಲೀಸ್ ಚಿತ್ರಕಲಾವಿದೆ, ಶಿಕ್ಷಕಿ. ಮುಂದಿನ ಎಲ್ಲ ಕೆಲಸಕ್ಕೂ ಅವರು ಜೊತೆಗಾರ್ತಿ. 1920ರ ದಶಕದ ಕೊನೆಯ ಹೊತ್ತಿಗೆ ಈ ಶಿಕ್ಷಕರೆಲ್ಲ ಸೇರಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಮುದ್ರಣಯಂತ್ರ, ಮೊಳೆ, ಕಾಗದ, ಕಲಿಕೆಯ ಕಾರ್ಡುಗಳನ್ನು ಸಂಘವೇ ತಯಾರಿಸಿ ಶಾಲೆಗಳಿಗೆ ಮಾರತೊಡಗಿತು. ದೊಡ್ಡ ಪ್ರಕಾಶಕರ ಪಠ್ಯಪುಸ್ತಕಗಳನ್ನು ನಂಬಿ ಕೂರಬೇಕಾಗಿರಲಿಲ್ಲ.

1932ರಲ್ಲಿ ಇದೇ ಸಂಘದಿಂದ ಕಿರುಹೊತ್ತಗೆಗಳ ಮಾಲೆ ಹೊರಟಿತು. ಮೊದಲ ಪುಸ್ತಕದ ವಿಷಯ ಬಂಡಿ ಮತ್ತು ಸಾರೋಟುಗಳು. ಒಂದು ಮಗುವಿಗೆ ಯಾವುದೋ ವಿಷಯದ ಮೇಲೆ ಆಸಕ್ತಿ ಹುಟ್ಟಿದರೆ, ಅದನ್ನು ಬೆನ್ನಟ್ಟಲು ಕೈಗೆ ಸಿಗುವಂಥ ಸರಳ ಪುಸ್ತಕ ಇರಬೇಕು ಅನ್ನೋದು ಉದ್ದೇಶ. ಆರಿಸಿಕೋ ಅಂತ ಹೇಳಿ ಬರಿಗೈಯಲ್ಲಿ ಬಿಟ್ಟರೆ ಮಗು ಏನು ತಾನೇ ಮಾಡೀತು?

ಸ್ವಾತಂತ್ರ್ಯ ಅಂದರೆ ಗಲಾಟೆ ಅಲ್ಲ

ಫ್ರೆನೆ ಶಾಲೆಯಲ್ಲಿ ಮಕ್ಕಳು ತಮಗೆ ತೋಚಿದ್ದನ್ನೆಲ್ಲ ಮಾಡುತ್ತಿದ್ದರು ಅಂತ ತಿಳಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಂಗತಿ ಹಾಗಿಲ್ಲ. 1922ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಿ, ಯಾವ ಕಟ್ಟುಪಾಡೂ ಇಲ್ಲದ ಶಾಲೆಗಳನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಅಲ್ಲಿನ ಅಸ್ತವ್ಯಸ್ತ ಅವರಿಗೆ ಒಗ್ಗಲಿಲ್ಲ.

ಅವರು ರೂಢಿಸಿದ್ದು ಕೆಲಸದ ಯೋಜನೆ. ಪ್ರತಿ ಮಗುವಿನ ಹತ್ತಿರವೂ ವಾರದ ಒಂದು ಹಾಳೆ. ಈ ವಾರ ಎಷ್ಟು ಲೆಕ್ಕದ ಕಾರ್ಡು, ಎಷ್ಟು ವ್ಯಾಕರಣದ ಕಾರ್ಡು, ಯಾವ ವಿಷಯದ ಬಗ್ಗೆ ಹುಡುಕಾಟ, ಯಾವ ಕೈಕೆಲಸ ಅಂತ ಮಗು ಮೇಷ್ಟ್ರ ಜೊತೆ ಕೂತು ಬರೆದುಕೊಳ್ಳುತ್ತದೆ. ಇಡೀ ತರಗತಿ ಮುಗಿಸಬೇಕಾದ ಪಾಠಗಳ ಪಟ್ಟಿ ಕಣ್ಣೆದುರೇ ಇರುತ್ತದೆ. ಅದರಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಗುವಿನ ಆಯ್ಕೆ. ಒಮ್ಮೆ ಬರೆದ ಮೇಲೆ ಅದು ಒಪ್ಪಂದ. ವಾರದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಕಾರ್ಡಿಗೆ ಉತ್ತರದ ಕಾರ್ಡೂ ಇರುತ್ತಿದ್ದರಿಂದ ಮಗು ತಾನೇ ತಾಳೆ ನೋಡಿಕೊಳ್ಳುತ್ತಿತ್ತು.

ವಾರಕ್ಕೊಮ್ಮೆ ಸಭೆ. ಗೋಡೆಯ ಮೇಲೊಂದು ದೊಡ್ಡ ಹಾಳೆ, ಅದರಲ್ಲಿ ಮಕ್ಕಳು ದೂರು, ಮೆಚ್ಚುಗೆ, ಬೇಡಿಕೆ, ಮಾಡಿ ಮುಗಿಸಿದ ಕೆಲಸ ಬರೆಯಬಹುದು. ಆದರೆ ಹೆಸರು ಹಾಕಬೇಕು. ಸಭೆಯಲ್ಲಿ ಒಂದೊಂದನ್ನೂ ಎತ್ತಿಕೊಂಡು ಚರ್ಚೆ. ಮೇಷ್ಟ್ರ ಮೇಲೂ ದೂರು ಬರೆಯಬಹುದಿತ್ತು. ಎತ್ತರದ ಕಟ್ಟೆಯನ್ನು ಫ್ರೆನೆ ಎಂದೋ ತೆಗೆಸಿಬಿಟ್ಟಿದ್ದರು.

ಒಂದು ಕನಸು, ಒಂದು ಊರಿನ ಸಿಟ್ಟು

1928ರಲ್ಲಿ ಫ್ರೆನೆ ದಂಪತಿ ಸೇಂಟ್ ಪಾಲ್ ಎಂಬ ಊರಿಗೆ ವರ್ಗವಾಗಿ ಬಂದರು. ಕೋಟೆಗೋಡೆಯ ಚೆಂದದ ಊರು, ಕಲಾವಿದರು, ಪ್ರವಾಸಿಗಳು ಬರುವ ಜಾಗ. ಆದರೆ ಸರ್ಕಾರಿ ಶಾಲೆಯ ಸ್ಥಿತಿ ಬೇರೆ. ಬರುತ್ತಿದ್ದವರು ಹೆಚ್ಚಾಗಿ ಬಡವರ ಮಕ್ಕಳು, ಶೌಚಾಲಯ ಗಬ್ಬು, ದುರಸ್ತಿ ಇಲ್ಲ, ಸಾಮಗ್ರಿ ಇಲ್ಲ. ಫ್ರೆನೆ ಪಟ್ಟಣಸಭೆಗೆ ಅರ್ಜಿ ಮೇಲೆ ಅರ್ಜಿ ಕೊಟ್ಟರು. ಮೇಯರ್ ಕಡೆಯವರಿಗೆ ಈ ಮೇಷ್ಟ್ರು ತಲೆನೋವಾದರು. ಫ್ರೆನೆ ಎಡಪಂಥೀಯರು, ಸೋವಿಯತ್ ರಷ್ಯಾಕ್ಕೆ ಹೋಗಿ ಬಂದವರು, ಅದೂ ಸೇರಿಕೊಂಡಿತು.

ಈ ಹೊತ್ತಿನಲ್ಲೇ ಒಬ್ಬ ಹುಡುಗ ತಾನು ಕಂಡ ಕನಸನ್ನು ಬರೆದ. ಶಾಲೆಗೆ ಬೇಕಾದ ಸಾಮಗ್ರಿ ಕೊಡದ ಮೇಯರ್ ಮೇಲೆ ಇಡೀ ತರಗತಿ ದಂಗೆ ಏಳುತ್ತದೆ, ಮೇಯರ್ ಸಾಯುತ್ತಾರೆ, ಇದು ಕನಸು. ಮಕ್ಕಳು ಅದನ್ನೂ ಅಚ್ಚು ಹಾಕಿದರು.

1932ರ ಡಿಸೆಂಬರ್ ಆರಂಭದ ಒಂದು ರಾತ್ರಿ ಊರಿನ ಗೋಡೆಗಳ ಮೇಲೆ ಪೋಸ್ಟರ್‌ಗಳು ಬಿದ್ದವು. ಅದರಲ್ಲಿ ಆ ಕನಸಿನ ಬರಹ, ಜೊತೆಗೆ ಮಕ್ಕಳಿಗೆ ಇಂಥದ್ದನ್ನು ಕಲಿಸುವ ಮೇಷ್ಟ್ರ ಮೇಲೆ ಆರೋಪ. ಹಳ್ಳಿ ಜಗಳ ಕೆಲವೇ ದಿನದಲ್ಲಿ ಪ್ಯಾರಿಸ್ ಪತ್ರಿಕೆಗಳಿಗೆ ಹೋಯಿತು. ಬಲಪಂಥೀಯ ಪತ್ರಿಕೆಗಳು ಫ್ರೆನೆ ಮೇಲೆ ಮುಗಿಬಿದ್ದವು. ಇನ್ನೊಂದು ಕಡೆ ಶಿಕ್ಷಕರು, ಬರಹಗಾರರು, ಪೋಷಕರು ಅವರ ಬೆನ್ನಿಗೆ ನಿಂತರು. ಇಲಾಖೆ ಶಿಸ್ತುಕ್ರಮ ತೆಗೆದುಕೊಂಡಿತು. 1933ರ ಏಪ್ರಿಲ್ 24ರಂದು, ಈಸ್ಟರ್ ರಜೆ ಮುಗಿದು ಶಾಲೆ ತೆರೆದ ದಿನ, ಗುಂಪೊಂದು ಶಾಲೆಗೆ ಮುತ್ತಿಗೆ ಹಾಕಿತು. ಒಳಗೆ ಮೇಷ್ಟ್ರು, ಮಕ್ಕಳು. ಹೊರಗೆ ಕೂಗಾಟ.

ಆ ಕನಸನ್ನು ಅಚ್ಚು ಹಾಕಿದ್ದು ಸರಿಯೇ, ತಪ್ಪೇ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಚಿಕ್ಕ ಹುಡುಗನ ಕೋಪದ ಕನಸನ್ನು ತರಗತಿಯೊಳಗೇ ಇಟ್ಟುಕೊಳ್ಳಬಹುದಿತ್ತು, ಊರಿನ ಮುಖ್ಯಸ್ಥರ ಹೆಸರು ಹೊರಗೆ ಹೋಗಬಾರದಿತ್ತು ಅನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಏನು ಬೇಕಾದರೂ ಬರಿ ಅಂತ ಹೇಳಿ, ಹಿರಿಯರಿಗೆ ಹಿಡಿಸದ್ದನ್ನು ಮಾತ್ರ ಮುಚ್ಚಿಟ್ಟರೆ, ಮಕ್ಕಳು ಮುಂದಿನ ಸಲ ಮೇಷ್ಟ್ರ ಮುಖ ನೋಡಿ ಬರೆಯುತ್ತಾರೆ. ಫ್ರೆನೆ ಆ ದಾರಿ ಹಿಡಿಯಲಿಲ್ಲ. ಹುಡುಗನ ಕನಸಿನ ಹಿಂದೆ ಇದ್ದ ಕಾರಣ ಕನಸಾಗಿರಲಿಲ್ಲ ಅನ್ನೋದೂ ನಿಜವೇ. ಶಾಲೆಗೆ ಸಾಮಗ್ರಿ ಇರಲಿಲ್ಲ, ಅದನ್ನು ಕೊಡಬೇಕಾದವರು ಕೊಟ್ಟಿರಲಿಲ್ಲ.

ಕೊನೆಗೆ ಫ್ರೆನೆಯನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಅವರು ಮತ್ತೆ ಸರ್ಕಾರಿ ತರಗತಿಗೆ ಹಿಂತಿರುಗಲಿಲ್ಲ.

ಗುಡ್ಡದ ಮೇಲಿನ ಶಾಲೆ

ಸೇಂಟ್ ಪಾಲ್‌ಗೆ ಹತ್ತಿರದ ವಾನ್ಸ್ ಊರಿನ ಗುಡ್ಡದ ಮೇಲೆ ದಂಪತಿ ತಮ್ಮದೇ ಶಾಲೆ ಕಟ್ಟಿದರು. 1935ರಲ್ಲಿ ಅದು ತೆರೆಯಿತು. ಕಟ್ಟುವ ಕೆಲಸಕ್ಕೆ ಗೆಳೆಯರು ಬಂದರು, ಮಕ್ಕಳೂ ಕೈ ಹಾಕಿದರು. ಸ್ಪೇನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅಲ್ಲಿಂದ ಬಂದ ನಿರಾಶ್ರಿತ ಮಕ್ಕಳಿಗೆ ಈ ಶಾಲೆಯೇ ಮನೆಯಾಯಿತು. ಭಾಷೆ ಬಾರದ ಆ ಮಕ್ಕಳೂ ಬರೆದರು, ಚಿತ್ರ ಬಿಡಿಸಿದರು, ಮೊಳೆ ಜೋಡಿಸಿದರು.

ಎರಡನೇ ಮಹಾಯುದ್ಧ ಬಂದಾಗ ಮತ್ತೆ ಕಷ್ಟ. 1940ರ ಮಾರ್ಚ್‌ನಲ್ಲಿ ಫ್ರೆನೆಯನ್ನು ಬಂಧಿಸಿ ಒಂದಾದ ಮೇಲೊಂದು ಶಿಬಿರದಲ್ಲಿ ಇಟ್ಟರು. ಮೊದಲೇ ಕೆಟ್ಟಿದ್ದ ಆರೋಗ್ಯ ಇನ್ನೂ ಹದಗೆಟ್ಟಿತು. ಶಿಬಿರದಲ್ಲೂ ಅವರು ಸುಮ್ಮನೆ ಕೂರಲಿಲ್ಲ, ಜೊತೆಯ ಕೈದಿಗಳಿಗೆ ಪಾಠ ಹೇಳಿದರು, ತಮ್ಮ ಪುಸ್ತಕಗಳ ಕರಡು ಬರೆದರು. 1941ರಲ್ಲಿ ಬಿಡುಗಡೆಯಾಯಿತು. ಆಮೇಲೆ ಆಲ್ಪ್ಸ್ ಬೆಟ್ಟಗಳಲ್ಲಿ ನಾಜಿಗಳ ವಿರುದ್ಧದ ಹೋರಾಟದಲ್ಲಿ ಸೇರಿಕೊಂಡರು.

ಯುದ್ಧ ಮುಗಿದ ಮೇಲೆ ವಾನ್ಸ್ ಶಾಲೆ ಮತ್ತೆ ತೆರೆಯಿತು, ಶಿಕ್ಷಕರ ಚಳವಳಿ ದೊಡ್ಡದಾಯಿತು. 1949ರಲ್ಲಿ ಅವರ ಬದುಕನ್ನು ಹೋಲುವ ಕಥೆಯ ಸಿನಿಮಾ ಫ್ರಾನ್ಸ್‌ನಲ್ಲಿ ತೆರೆಕಂಡಿತು. ಎಡಪಂಥೀಯರೂ ಒಂದು ಹಂತದಲ್ಲಿ ಅವರ ಮೇಲೆ ತಿರುಗಿಬಿದ್ದರು, ಅವರ ಪದ್ಧತಿಯನ್ನು ಪಾರ್ಟಿ ಪತ್ರಿಕೆಗಳು ಟೀಕಿಸಿದವು. ಬಲದಿಂದಲೂ ಏಟು, ಎಡದಿಂದಲೂ ಏಟು. ಫ್ರೆನೆ ತಮ್ಮ ಕೆಲಸ ಬಿಡಲಿಲ್ಲ. 1966ರ ಅಕ್ಟೋಬರ್ 8ರಂದು ವಾನ್ಸ್‌ನಲ್ಲಿ ತೀರಿಕೊಂಡರು. 70 ತುಂಬಲು ಒಂದು ವಾರ ಬಾಕಿಯಿತ್ತು. ಹುಟ್ಟೂರು ಗಾರ್‌ನಲ್ಲೇ ಮಣ್ಣು ಮಾಡಿದರು.

ಎಲೀಸ್ 1983ರವರೆಗೂ ಇದ್ದರು. ಒಂದು ಕಾಲದಲ್ಲಿ ಸರ್ಕಾರ ಬೇಡವೆಂದ ಮೇಷ್ಟ್ರ ಶಾಲೆಯನ್ನು 1991ರಲ್ಲಿ ಫ್ರಾನ್ಸ್ ಸರ್ಕಾರವೇ ತನ್ನದಾಗಿಸಿಕೊಂಡಿತು.

ನಮ್ಮ ಶಾಲೆಗಳಿಗೆ ಸಿಗುವುದೇನು?

ಮುದ್ರಣಯಂತ್ರ ಈಗ ಬೇಕಿಲ್ಲ, ಆ ಕೆಲಸ ಮೊಬೈಲ್, ಕಂಪ್ಯೂಟರ್ ಮಾಡುತ್ತವೆ. ಫ್ರೆನೆ ಅವರ ಅನುಭವದಿಂದ ಶಿಕ್ಷಕರು, ಪೋಷಕರು ತೆಗೆದುಕೊಳ್ಳಬಹುದಾದ ಮಾತು ನಾಲ್ಕು.

ಒಂದು, ವಿಷಯವನ್ನು ಮಗು ಆರಿಸಲಿ. ಊರಿನ ಸಂತೆ, ಕೆರೆ, ಗ್ಯಾರೇಜು, ಹೋಟೆಲು, ಅಜ್ಜಿಯ ಹಸು, ಯಾವುದಾದರೂ ಸರಿ.

ಎರಡು, ಆರಿಸಿದ್ದನ್ನು ಕಾಗದದ ಮೇಲೆ ಬರೆಸಿ. ಎಷ್ಟು ದಿನ, ಏನೇನು, ಯಾರನ್ನು ಕೇಳಬೇಕು ಅಂತ. ವಾರದ ಕೊನೆಗೆ ಒಟ್ಟಿಗೆ ಕೂತು ನೋಡಿ. ಆಯ್ಕೆಯ ಜೊತೆ ಜವಾಬ್ದಾರಿ ಬರುವುದು ಇಲ್ಲೇ.

ಮೂರು, ಓದುಗರನ್ನು ಕೊಡಿ. ಮಾರ್ಕ್ಸ್ ಹಾಕುವ ಒಬ್ಬ ಶಿಕ್ಷಕರು ಸಾಲದು. ಪಕ್ಕದ ಹೋಬಳಿಯ ಶಾಲೆಗೆ ಕಳಿಸಿ, ಊರಿನ ಗ್ರಂಥಾಲಯದಲ್ಲಿ ಇಡಿ, ಯಾರ ಅಂಗಡಿಯ ಬಗ್ಗೆ ಬರೆದರೋ ಅವರಿಗೆ ಒಂದು ಪ್ರತಿ ಕೊಡಿ.

ನಾಲ್ಕನೆಯದು ಹಿರಿಯರಿಗೆ. ಮಕ್ಕಳು ನಿಜವಾಗಿ ಆರಿಸಿ ಬರೆದರೆ ಶಾಲೆಯ ಸೋರುವ ಸೂರು, ನೀರಿಲ್ಲದ ಶೌಚಾಲಯ, ಚರಂಡಿ ವಾಸನೆ ಎಲ್ಲವೂ ಅದರಲ್ಲಿ ಬರುತ್ತದೆ. ಆಗ ಮೇಷ್ಟ್ರ ಮೇಲೆ ಸಿಟ್ಟಾಗುವುದು ಸುಲಭ. ಸೇಂಟ್ ಪಾಲ್‌ನಲ್ಲಿ ಆದದ್ದು ಅದೇ. ಮೊದಲು ಶೌಚಾಲಯ ನೋಡಿ ಬರುವುದು ಒಳ್ಳೆಯದು.